ಕಾಫಿ ಪೂಲ್ ಮತ್ತೆ ಬೇಕೆ? ಓದುಗರ ಪ್ರಶ್ನೆಗಳಿಗೆ ಅರ್ಥಶಾಸ್ತ್ರಜ್ಞರ ಉತ್ತರ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳವು. ಒಂದೇ ವಿಷಯದ ಹಲವು ಪತ್ರಗಳಿದ್ದಲ್ಲಿ ಒಂದನ್ನು ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಕಾಫಿ ಬೆಲೆ ಈ ವಾರ ಏರಿದರೆ ಮುಂದಿನ ವಾರ ಇಳಿಯುತ್ತದೆ. ಹಿಂದೆ ಕಾಫಿ ಮಂಡಳಿಯೇ ಎಲ್ಲವನ್ನೂ ತೆಗೆದುಕೊಳ್ಳುತ್ತಿದ್ದಾಗ ಈ ತಲೆಬಿಸಿ ಇರಲಿಲ್ಲ ಎಂದು ಮನೆಯ ಹಿರಿಯರು ಹೇಳುತ್ತಾರೆ. ಪೂಲ್ ಪದ್ಧತಿ ಮತ್ತೆ ತರಬಾರದೇ?
— ಬೆಳೆಗಾರರು, ಮೂಡಿಗೆರೆ

ಉತ್ತರ: ತರಬಾರದು ಎಂಬುದೇ ನನ್ನ ಖಚಿತ ಅಭಿಪ್ರಾಯ. ಆದರೆ ಹಿರಿಯರ ಮಾತಿನಲ್ಲಿ ಹುರುಳಿದೆ, ಮೊದಲು ಅದನ್ನು ನೋಡೋಣ.

ಎರಡನೇ ಮಹಾಯುದ್ಧ ಶುರುವಾದಾಗ ಯುರೋಪಿನ ಮಾರುಕಟ್ಟೆ ಕೈತಪ್ಪಿ ಕಾಫಿಗೆ ಗಿರಾಕಿಯೇ ಇಲ್ಲದಂತಾಯಿತು. ಆಗ 1940ರ ಸುಗ್ರೀವಾಜ್ಞೆ, ಅದರ ಬೆನ್ನಿಗೆ 1942ರ ಕಾಯ್ದೆ ಬಂದವು. ಮನೆಬಳಕೆಗೆ ಮತ್ತು ಬಿತ್ತನೆಗೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದ ಕಾಫಿಯನ್ನೆಲ್ಲ ಬೆಳೆಗಾರ ಪೂಲ್‌ಗೆ ಹಾಕಬೇಕಿತ್ತು. ಒಪ್ಪಿಸಿದಾಗ ಮುಂಗಡ ಒಂದಿಷ್ಟು, ಮಂಡಳಿ ಹರಾಜಿನಲ್ಲಿ ಮಾರುತ್ತ ಹೋದಂತೆ ಉಳಿದದ್ದು ಕಂತುಗಳಲ್ಲಿ. ನಿಮ್ಮ ಕಾಫಿ ಯಾವ ದಿನ ಎಷ್ಟಕ್ಕೆ ಹೋಯಿತು ಎಂಬುದು ಲೆಕ್ಕಕ್ಕಿರಲಿಲ್ಲ, ಎಲ್ಲರ ಕಾಫಿಗೂ ಸೇರಿ ಸರಾಸರಿ ಬೆಲೆ. ಬೆಲೆ ಬಿದ್ದ ವರ್ಷ ಇದು ದೊಡ್ಡ ಆಸರೆ. ಇದರ ಜೊತೆಗೆ ಅಂತರರಾಷ್ಟ್ರೀಯ ಕಾಫಿ ಒಪ್ಪಂದವು ರಫ್ತು ಮಾಡುವ ದೇಶಗಳಿಗೆ ಕೋಟಾ ಹಂಚಿ ಬೆಲೆಯನ್ನು ಹಿಡಿದಿಟ್ಟಿತ್ತು. ಕೋಟಾದ ಹೊರಗೆ ಉಳಿದ ಸರಕಿಗೆ ಸೋವಿಯತ್ ಒಕ್ಕೂಟ ದೊಡ್ಡ ಗಿರಾಕಿಯಾಗಿತ್ತು, ಅದೂ ರೂಪಾಯಿ ವ್ಯಾಪಾರದಲ್ಲಿ.

ಈ ಎರಡು ಆಸರೆಗಳೂ ಹೆಚ್ಚುಕಡಿಮೆ ಒಟ್ಟಿಗೇ ಕುಸಿದವು. 1989ರ ಜುಲೈನಲ್ಲಿ ಕೋಟಾ ನಿಂತಿತು. 1991 ಮುಗಿಯುವಷ್ಟರಲ್ಲಿ ಸೋವಿಯತ್ ಒಕ್ಕೂಟವೇ ಇರಲಿಲ್ಲ. ಪೂಲ್ ಹೋದದ್ದಕ್ಕೆ 1991ರ ಉದಾರೀಕರಣವನ್ನಷ್ಟೇ ದೂರುವವರು ಇದನ್ನು ಮರೆಯುತ್ತಾರೆ. 1992-93ರ ಹಂಗಾಮಿನಲ್ಲಿ ಶೇ 30ರಷ್ಟು ಕಾಫಿಯನ್ನು ದೇಶದೊಳಗೆ ತಾವೇ ಮಾರಲು ಅನುಮತಿ ಸಿಕ್ಕಿತು, ಮರುವರ್ಷ ಅದು ಶೇ 50 ಆಯಿತು. 1995ರಲ್ಲಿ ಸಣ್ಣ ಬೆಳೆಗಾರರಿಗೆ, 1996ರ ಸೆಪ್ಟೆಂಬರ್‌ನಲ್ಲಿ ಎಲ್ಲರಿಗೂ ಪೂರ್ತಿ ಸ್ವಾತಂತ್ರ್ಯ ಬಂತು. ನಡುವೆ 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಜಗತ್ತಿನಲ್ಲೆಲ್ಲ ಬೆಲೆ ಜಿಗಿಯಿತು. ಸ್ವಂತ ಮಾರಾಟದ ಕೈಕಾಸಿಗೂ ಪೂಲ್‌ನ ಕಂತಿಗೂ ಇರುವ ಅಂತರವನ್ನು ಬೆಳೆಗಾರರು ಕಣ್ಣಾರೆ ಕಂಡದ್ದು ಆಗ.

ಪೂಲ್‌ನ ದೊಡ್ಡ ದೋಷ ಸರಾಸರಿ ಬೆಲೆಗಿಂತ ತಡವಾಗಿ ಬರುವ ಹಣದಲ್ಲಿತ್ತು. ಕೊಯ್ಲಿನ ಕೂಲಿ, ಗೊಬ್ಬರ, ಗಿಡ ಸವರುವ ಕಸಿ ಖರ್ಚು ಎಲ್ಲ ಈ ವರ್ಷದ್ದು, ಕೊನೆಯ ಕಂತು ಬರುವುದು ಯಾವಾಗಲೋ. ಆ ನಡುವಿನ ಸಾಲಕ್ಕೆ ಬಡ್ಡಿ ಕಟ್ಟಿದವನು ಬೆಳೆಗಾರನೇ. ಹಣ್ಣನ್ನೇ ಆರಿಸಿ ಕೊಯ್ದು ಚೆನ್ನಾಗಿ ಪಲ್ಪ್ ಮಾಡಿ (ಸಿಪ್ಪೆ ಸುಲಿದು) ಒಣಗಿಸಿದವನ ಶ್ರಮಕ್ಕೂ ಸರಾಸರಿಯಲ್ಲಿ ತಕ್ಕ ಬೆಲೆ ಸಿಗುತ್ತಿರಲಿಲ್ಲ.

ಹಾಗೆಂದು ಬೆಳೆಗಾರನನ್ನು ಪೂರ್ತಿ ಕೈಬಿಟ್ಟಿದ್ದೂ ಸರಿಯಲ್ಲ. 2001ರ ಕೊನೆಯಲ್ಲಿ ನ್ಯೂಯಾರ್ಕ್ ಬೆಲೆ ಪೌಂಡಿಗೆ 50 ಸೆಂಟ್‌ಗಿಂತ ಕೆಳಗೆ ಹೋದಾಗ ಕೊಯ್ಲಿನ ಕೂಲಿಯೂ ಹುಟ್ಟದ ತೋಟಗಳಿದ್ದವು. ಅದಾದ ಮೇಲೆ 2003ರಲ್ಲಿ ಕೇಂದ್ರ ಸರ್ಕಾರ 500 ಕೋಟಿ ರೂ.ಗಳ ಬೆಲೆ ಸ್ಥಿರೀಕರಣ ನಿಧಿ ಮಾಡಿತು. ಏಳು ವರ್ಷಗಳ ಸರಾಸರಿ ಬೆಲೆಗಿಂತ ಶೇ 20 ಮೇಲೆ ಹೋದರೆ ಸುಭಿಕ್ಷ ವರ್ಷ, ಶೇ 20 ಕೆಳಗೆ ಬಿದ್ದರೆ ಸಂಕಷ್ಟದ ವರ್ಷ. ಸುಭಿಕ್ಷದಲ್ಲಿ ಬೆಳೆಗಾರ 1,000 ರೂ. ಕಟ್ಟಬೇಕು, ಸಂಕಷ್ಟದಲ್ಲಿ ಸರ್ಕಾರ 1,000 ರೂ. ಹಾಕಬೇಕು, ಸಾಮಾನ್ಯ ವರ್ಷದಲ್ಲಿ ಇಬ್ಬರೂ ತಲಾ 500. ಯೋಚನೆ ಬಹಳ ಒಳ್ಳೆಯದು, ಮೊತ್ತ ಮಾತ್ರ ಏನೇನೂ ಸಾಲದು. ಒಂದು ಎಕರೆಯವನಿಗೂ ಯೋಜನೆಯ ಮಿತಿಯಾದ 4 ಹೆಕ್ಟೇರ್‌ನವನಿಗೂ ಅದೇ ಸಾವಿರ. ಒಂದು ಚೀಲದ ನಷ್ಟವನ್ನೂ ತುಂಬದ ಹಣಕ್ಕಾಗಿ ಯಾರು ಅರ್ಜಿ ಹಾಕುತ್ತಾರೆ? 2013ರಲ್ಲಿ ಯೋಜನೆ ಮುಚ್ಚಿತು. ಇದನ್ನೇ ತಲೆಗಿಷ್ಟು ಎನ್ನದೆ ಚೀಲಕ್ಕಿಷ್ಟು ಎಂದು ಮತ್ತೆ ಕಟ್ಟಬೇಕು, ಬೆಲೆ ಚೆನ್ನಾಗಿರುವ ವರ್ಷದಲ್ಲೇ ಶುರು ಮಾಡಬೇಕು. ಬೆಲೆ ಬಿದ್ದ ಮೇಲೆ ಕಟ್ಟಲು ಬೆಳೆಗಾರನ ಕೈಯಲ್ಲಿ ಹಣವಿರುವುದಿಲ್ಲ.

ಪ್ರಶ್ನೆ: ಬೆಳಿಗ್ಗೆ ಎದ್ದರೆ ನ್ಯೂಯಾರ್ಕ್, ಲಂಡನ್ ಬೆಲೆ ವಾಟ್ಸಾಪ್‌ನಲ್ಲಿ ಬರುತ್ತದೆ. ವ್ಯಾಪಾರಿ ಹೇಳುವ ಚೀಲದ ಬೆಲೆಗೆ ಅದನ್ನು ತಾಳೆ ಹಾಕುವುದು ಹೇಗೆ?
— ಓದುಗರು, ಆಲ್ದೂರು

ಉತ್ತರ: ಎರಡೂ ಬೆಲೆ ಹೊಟ್ಟು ತೆಗೆದ ಬೇಳೆಗೆ ಹೇಳುವಂಥವು. ನ್ಯೂಯಾರ್ಕ್‌ನದು ಅರೇಬಿಕಾ, ಪೌಂಡಿಗೆ ಇಷ್ಟು ಸೆಂಟ್, ಒಂದು ಪೌಂಡ್ ಎಂದರೆ 453.6 ಗ್ರಾಂ. ಲಂಡನ್‌ನದು ರೋಬಸ್ಟಾ, ಟನ್ನಿಗೆ ಇಷ್ಟು ಡಾಲರ್.

ನ್ಯೂಯಾರ್ಕ್ 300 ಸೆಂಟ್, ಡಾಲರ್‌ಗೆ 90 ರೂ. ಎಂದಿಟ್ಟುಕೊಳ್ಳಿ. 3 ಡಾಲರನ್ನು 0.4536ರಿಂದ ಭಾಗಿಸಿದರೆ ಕಿಲೋಗೆ 6.61 ಡಾಲರ್, ಅಂದರೆ ಸುಮಾರು 595 ರೂ. 50 ಕಿಲೋ ಪಾರ್ಚ್‌ಮೆಂಟ್ (ಪಲ್ಪ್ ಮಾಡಿ ಹೊಟ್ಟಿನ ಸಮೇತ ಒಣಗಿಸಿದ ಕಾಫಿ) ಚೀಲದಲ್ಲಿ ಬೇಳೆ ಸುಮಾರು 40 ಕಿಲೋ. ಹಾಗಾಗಿ ಚೀಲಕ್ಕೆ 23,800 ರೂ. ಇದರಲ್ಲಿ ಕ್ಯೂರಿಂಗ್ (ಹೊಟ್ಟು ಬಿಡಿಸಿ ದರ್ಜೆ ಮಾಡುವ) ವೆಚ್ಚ, ಬಂದರಿನವರೆಗಿನ ಸಾಗಣೆ, ರಫ್ತುದಾರನ ಬಡ್ಡಿ ಮತ್ತು ಲಾಭ ಕಳೆಯಬೇಕು. ಎಲ್ಲವೂ ಎ ದರ್ಜೆಯ ಬೇಳೆ ಆಗಿರುವುದಿಲ್ಲ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇದೇ ಲೆಕ್ಕದಲ್ಲಿ ಡಾಲರ್ ಒಂದು ರೂಪಾಯಿ ಏರಿದರೆ ನ್ಯೂಯಾರ್ಕ್ ಅಲುಗಾಡದಿದ್ದರೂ ಚೀಲಕ್ಕೆ 265 ರೂ. ಹೆಚ್ಚಬೇಕು. ವಿನಿಮಯ ದರವನ್ನು ದಿನವೂ ನೋಡಿಕೊಳ್ಳಿ ಎನ್ನುವುದು ಇದಕ್ಕೇ.

ರೋಬಸ್ಟಾ ಚೆರ್ರಿಯಲ್ಲಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಹಣ್ಣಿನಲ್ಲಿ, ಔಟ್‌ಟರ್ನ್, ಅಂದರೆ ಚೀಲಕ್ಕೆ ಎಷ್ಟು ಬೇಳೆ ಸಿಗುತ್ತದೆ ಎಂಬುದರ ಮೇಲೆ ಎಲ್ಲ ನಿಂತಿದೆ. ಲಂಡನ್ 4,000 ಡಾಲರ್ ಇದ್ದರೆ ಬೇಳೆ ಕಿಲೋಗೆ 360 ರೂ. 50 ಕಿಲೋ ಚೆರ್ರಿಯಲ್ಲಿ 26 ಕಿಲೋ ಬೇಳೆ ಬಂದರೆ 9,360, 28 ಬಂದರೆ 10,080. ಎರಡು ಕಿಲೋ ಅಂತರದಲ್ಲಿ 720 ರೂ. ಆದ್ದರಿಂದ ವ್ಯಾಪಾರಿಯ ಸ್ಯಾಂಪಲ್‌ಗೆ ಮುನ್ನ ನೀವೇ ನೋಡಿಕೊಳ್ಳಿ. ನಾಲ್ಕೈದು ಚೀಲಗಳ ಮೇಲಿನಿಂದ, ನಡುವಿನಿಂದ, ತಳದಿಂದ ತೆಗೆದು ಬೆರೆಸಿ, ಅದರಲ್ಲಿ 200 ಗ್ರಾಂ ಕುಟ್ಟಿ, ಕೇರಿ, ಬೇಳೆಯನ್ನು ತೂಗಿ. 108 ಗ್ರಾಂ ಬಂದರೆ ಚೀಲಕ್ಕೆ 27 ಕಿಲೋ. ಮೇಲಿನಿಂದಷ್ಟೇ ತೆಗೆದರೆ ಲೆಕ್ಕ ತಪ್ಪುತ್ತದೆ. ಔಟ್‌ಟರ್ನ್ ಕಡಿಮೆಯಾಗಲು ಸಾಮಾನ್ಯ ಕಾರಣಗಳು ಕಾಯಿ ಕೊಯ್ಲು, ಬೇಳೆ ತುಂಬುವ ಹೊತ್ತಿನಲ್ಲಿ ಮಳೆ ಕೈಕೊಟ್ಟು ಜೊಳ್ಳಾಗುವುದು, ಕಾಯಿಕೊರಕ.

ತೇವಾಂಶ ಪಾರ್ಚ್‌ಮೆಂಟ್‌ಗೆ ಶೇ 10, ರೋಬಸ್ಟಾ ಚೆರ್ರಿಗೆ ಶೇ 11 ಇರಬೇಕು. ಹಸಿ ಇದ್ದರೆ ವ್ಯಾಪಾರಿ ಕಡಿತ ಹಾಕುತ್ತಾನೆ, ಬೂಸ್ಟು ಬರುವ ಭಯ ಬೇರೆ. ಅತಿಯಾಗಿ ಒಣಗಿಸಿದರೂ ನಷ್ಟವೇ, ಇದನ್ನು ಅನೇಕರು ಗಮನಿಸುವುದಿಲ್ಲ. ಶೇ 10ರಲ್ಲಿ ನಿಲ್ಲಬೇಕಾದ 50 ಕಿಲೋ ಪಾರ್ಚ್‌ಮೆಂಟ್ ಶೇ 8ಕ್ಕೆ ಇಳಿದರೆ 48.9 ಕಿಲೋ ಆಗುತ್ತದೆ. ಮೇಲಿನ ಬೆಲೆಯಲ್ಲಿ ಚೀಲಕ್ಕೆ 500 ರೂ.ಗೂ ಹೆಚ್ಚು ಕಣದಲ್ಲೇ ಆವಿಯಾಯಿತು.

ಪ್ರಶ್ನೆ: ರಿಸರ್ವ್ ಬ್ಯಾಂಕ್ ಬಡ್ಡಿ ಇಳಿಸಿತು ಎಂದು ಪತ್ರಿಕೆಯಲ್ಲಿ ಬಂತು. ನನ್ನ ತೋಟದ ಸಾಲದ ಬಡ್ಡಿ ಇದ್ದಷ್ಟೇ ಇದೆ. ಬ್ಯಾಂಕಿನವರು ಮೋಸ ಮಾಡುತ್ತಿದ್ದಾರೆಯೇ?
— ಓದುಗರು, ಸಕಲೇಶಪುರ

ಉತ್ತರ: ಮೋಸ ಎನ್ನುವ ಮೊದಲು ಸಾಲ ಮಂಜೂರಾತಿ ಪತ್ರ ತೆಗೆದು ನೋಡಿ. 2025ರ ಫೆಬ್ರುವರಿಯಿಂದ ಜೂನ್ ಒಳಗೆ ರೆಪೊ ದರ (ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ ದರ) ಶೇ 6.50ರಿಂದ 5.50ಕ್ಕೆ ಇಳಿದದ್ದು ನಿಜ. ಆದರೆ ರೆಪೊದಂಥ ಹೊರಗಿನ ದರಕ್ಕೆ ಸಾಲವನ್ನು ಕಟ್ಟಲೇಬೇಕೆಂಬ 2019ರ ಅಕ್ಟೋಬರ್‌ನ ನಿಯಮ ಮನೆ, ವಾಹನದಂಥ ವೈಯಕ್ತಿಕ ಸಾಲಗಳಿಗೆ ಮತ್ತು ಸಣ್ಣ ಉದ್ದಿಮೆಗಳಿಗೆ ಅನ್ವಯಿಸುತ್ತದೆ. ತೋಟದ ದೀರ್ಘಾವಧಿ ಸಾಲ ಬಹುತೇಕ ಎಂಸಿಎಲ್‌ಆರ್ ಮೇಲೆ ನಡೆಯುತ್ತದೆ. ಬ್ಯಾಂಕ್ ತನ್ನ ಠೇವಣಿಗಳಿಗೆ ಕೊಡುವ ಬಡ್ಡಿ ಇಳಿದ ಹಾಗೆ ನಿಧಾನಕ್ಕೆ ಇಳಿಯುವ ದರ ಇದು. ಅದೂ ನಿಮ್ಮ ಖಾತೆಗೆ ತಟ್ಟುವುದು ಮರುನಿಗದಿಯ ದಿನಾಂಕದಂದು, ಕೆಲವೊಮ್ಮೆ ವರ್ಷಕ್ಕೊಮ್ಮೆ.

ಮಂಜೂರಾತಿ ಪತ್ರದಲ್ಲಿ ಮೂರು ಸಂಗತಿ ಹುಡುಕಿ: ಸಾಲ ಯಾವ ದರಕ್ಕೆ ಜೋಡಿಸಿದೆ, ಅದರ ಮೇಲೆ ಬ್ಯಾಂಕ್ ಎಷ್ಟು ಸೇರಿಸಿದೆ, ಮರುನಿಗದಿ ಯಾವಾಗ. 2016ಕ್ಕಿಂತ ಹಿಂದಿನ ಸಾಲವಾದರೆ ಇನ್ನೂ ಹಳೆಯ ಬೇಸ್ ರೇಟ್‌ನಲ್ಲೇ ಉಳಿದಿರಬಹುದು. ಬದಲಿಸಿಕೊಡಿ ಎಂದು ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆಯಿರಿ. ಬದಲಾವಣೆ ಶುಲ್ಕ ಎಷ್ಟೆಂದು ಮೊದಲೇ ತಿಳಿದುಕೊಳ್ಳಿ. 20 ಲಕ್ಷ ಬಾಕಿ ಇದ್ದರೆ ಶೇ 1 ಎಂದರೆ ವರ್ಷಕ್ಕೆ 20,000 ರೂ.

ಕಿಸಾನ್ ಕ್ರೆಡಿಟ್ ಕಾರ್ಡ್ ಬೆಳೆಸಾಲದ ಕಥೆ ಬೇರೆ. 3 ಲಕ್ಷದವರೆಗೆ ಶೇ 7, ಸಕಾಲಕ್ಕೆ ಕಟ್ಟಿದರೆ ಶೇ 3 ರಿಯಾಯಿತಿ ಸಿಕ್ಕಿ ಶೇ 4. ಗಡುವು ಮೀರಿದರೆ ಆ ಶೇ 3 ಹೋಯಿತು, ಆಮೇಲೆ ಯಾರ ಶಿಫಾರಸೂ ನಡೆಯದು. ಸಹಕಾರ ಸಂಘಗಳಲ್ಲಿ ರಾಜ್ಯ ಸರ್ಕಾರ 2023ರಲ್ಲಿ ಶೂನ್ಯ ಬಡ್ಡಿಯ ಮಿತಿಯನ್ನು 5 ಲಕ್ಷಕ್ಕೆ ಏರಿಸಿದೆ. ಅಲ್ಲಿ ಬಡ್ಡಿಗಿಂತ ಸಾಲ ಸಿಗುವುದೇ ದೊಡ್ಡ ಪ್ರಶ್ನೆ.

ಪ್ರಶ್ನೆ: ನಮ್ಮದು ತೋಟದ ಜೊತೆ ಹೋಂಸ್ಟೇ. ಅತಿಥಿಗಳಿಗೆ ನಮ್ಮದೇ ಕಾಫಿಪುಡಿ ಮಾರುತ್ತೇವೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲವಲ್ಲ?
— ಓದುಗರು, ಮಲ್ಲಂದೂರು

ಉತ್ತರ: ಎಲ್ಲವೂ ಕೃಷಿ ಆದಾಯವಲ್ಲ. ಪಲ್ಪ್ ಮಾಡಿ ಒಣಗಿಸಿದ ಪಾರ್ಚ್‌ಮೆಂಟನ್ನೋ, ಕಣದಲ್ಲಿ ಒಣಗಿಸಿದ ಚೆರ್ರಿಯನ್ನೋ ಹಾಗೆಯೇ ಮಾರಿದರೆ ಪೂರ್ತಿ ಕೃಷಿ ಆದಾಯ. ಕ್ಯೂರಿಂಗ್ ಮಾಡಿಸಿ ಬೇಳೆಯಾಗಿ ಮಾರಿದರೆ ಲಾಭದ ಶೇ 25 ವ್ಯಾಪಾರದ ಆದಾಯ. ಹುರಿದು ಪುಡಿ ಮಾಡಿ ಮಾರಿದರೆ, ಚಿಕೋರಿ ಬೆರೆಸಲಿ ಬಿಡಲಿ, ಶೇ 40. ಹೋಂಸ್ಟೇ ಬಾಡಿಗೆ ಕೃಷಿ ಆದಾಯವೇ ಅಲ್ಲ. ಇನ್ನೊಂದು ಸಂಗತಿ: ಬೇರೆ ಆದಾಯ ವಿನಾಯಿತಿ ಮಿತಿ ದಾಟಿ, ಕೃಷಿ ಆದಾಯವೂ 5,000 ರೂ. ಮೀರಿದ್ದರೆ, ಕೃಷಿ ಆದಾಯಕ್ಕೆ ತೆರಿಗೆ ಇಲ್ಲದಿದ್ದರೂ ಉಳಿದ ಆದಾಯದ ತೆರಿಗೆ ದರ ನಿರ್ಧರಿಸುವಾಗ ಅದನ್ನು ಸೇರಿಸುತ್ತಾರೆ. ಪುಡಿಗೆ ಎಷ್ಟು ಕಿಲೋ ಬೇಳೆ ಹೋಯಿತು, ಬಾಡಿಗೆ ಎಷ್ಟು ಬಂತು ಎಂಬುದಕ್ಕೆ ಬೇರೆಬೇರೆ ಪುಸ್ತಕ ಇಡಿ.

ಪ್ರಶ್ನೆ: ಕಾಫಿ ಬೀಜದ ಬೆಲೆ ಇಳಿದರೂ ಹೋಟೆಲಿನಲ್ಲಿ ಲೋಟ ಕಾಫಿಯ ಬೆಲೆ ಇಳಿಯುವುದಿಲ್ಲ ಏಕೆ?
— ಕಾಲೇಜು ವಿದ್ಯಾರ್ಥಿನಿ, ಹಾಸನ

ಉತ್ತರ: ಒಂದು ಲೋಟಕ್ಕೆ 8 ಗ್ರಾಂ ಪುಡಿ ಎಂದುಕೊಳ್ಳಿ. ಪುಡಿ ಕಿಲೋಗೆ 100 ರೂ. ಇಳಿದರೆ ಲೋಟಕ್ಕೆ ಉಳಿಯುವುದು 80 ಪೈಸೆ. ಹಾಲು, ಸಕ್ಕರೆ, ಗ್ಯಾಸ್, ಕೂಲಿ, ಅಂಗಡಿ ಬಾಡಿಗೆ ಇಳಿಯುವುದಿಲ್ಲ. ಬೀಜದ ಬೆಲೆ ಏರಿದಾಗಲೂ ಇದೇ ಲೆಕ್ಕ. ಲೋಟಕ್ಕೆ ಐದು ರೂಪಾಯಿ ಏರಿಸಿ ಬೆಳೆಗಾರನತ್ತ ಕೈ ತೋರಿಸುವುದು ಅನ್ಯಾಯ.

ಪ್ರಶ್ನೆ: ಕೊಬ್ಬರಿಗೆ ಬೆಂಬಲ ಬೆಲೆ ಇದ್ದರೂ 2023ರಲ್ಲಿ ಅದಕ್ಕಿಂತ ಬಹಳ ಕಡಿಮೆಗೆ ಮಾರಬೇಕಾಯಿತು. ಹಾಗಾದರೆ ಬೆಂಬಲ ಬೆಲೆ ಎಂದರೆ ಏನು?
— ತೆಂಗು ಬೆಳೆಗಾರರು, ಅರಸೀಕೆರೆ

ಉತ್ತರ: ಆ ಬೆಲೆಗಿಂತ ಕಡಿಮೆಗೆ ಯಾರೂ ಕೊಳ್ಳಬಾರದು ಎಂಬ ಕಾನೂನು ಇಲ್ಲ. ಬೆಲೆ ಬಿದ್ದರೆ ಸರ್ಕಾರ ತಾನು ಆ ಬೆಲೆಗೆ ಕೊಳ್ಳುತ್ತೇನೆ ಎನ್ನುವ ಘೋಷಣೆ ಅದು. ಕೊಳ್ಳುವ ಕೇಂದ್ರ ತೆರೆಯದಿದ್ದರೆ ಘೋಷಣೆ ಕಾಗದದಲ್ಲೇ ಉಳಿಯುತ್ತದೆ. 2023ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಲ್‌ಗೆ 11,750 ರೂ. ಘೋಷಣೆಯಾಗಿತ್ತು. ಕೇಂದ್ರ ತೆರೆದ ಮೇಲೂ ನೋಂದಣಿ, ಎಕರೆಗಿಷ್ಟೇ ಎಂಬ ಮಿತಿ, ಗುಣಮಟ್ಟದ ತಪಾಸಣೆ ಎಲ್ಲ ದಾಟಬೇಕು, ಹಣಕ್ಕೆ ಕಾಯಬೇಕು. ಸಾಲಗಾರನಿಗೆ ಅಷ್ಟು ಪುರುಸೊತ್ತು ಇರುವುದಿಲ್ಲ. ಹೀಗೆ ಅಟ್ಟದ ಮೇಲೆ ಸರಕು ಇಟ್ಟುಕೊಂಡು ಕಾಯಬಲ್ಲವನಿಗೆ ಬೆಂಬಲ ಬೆಲೆ, ಕಾಯಲಾಗದವನಿಗೆ ಮಂಡಿಯ ಬೆಲೆ. ನನಗೆ ಸಿಟ್ಟು ಬರುವುದು ಇಲ್ಲಿ. ಮಾರುಕಟ್ಟೆ ಬೆಲೆ ಬೆಂಬಲ ಬೆಲೆಗಿಂತ ಕೆಳಗೆ ಹೋದ ವಾರವೇ ಖರೀದಿ ಶುರುವಾಗುವಂತೆ ನಿಯಮವಿರಬೇಕು, ಮನವಿ, ಧರಣಿ ಆಗುವವರೆಗೆ ಕಾಯುವಂತಿರಬಾರದು.

ನಿಮ್ಮ ಕೈಯಲ್ಲಿರುವುದು ಇಷ್ಟು: ಫ್ರೂಟ್ಸ್ (ರಾಜ್ಯ ಸರ್ಕಾರದ ರೈತರ ನೋಂದಣಿ) ಗುರುತಿನ ಸಂಖ್ಯೆಯಲ್ಲಿ ಎಲ್ಲ ಸರ್ವೆ ನಂಬರ್ ಸೇರಿದೆಯೇ, ಪಹಣಿಯಲ್ಲಿ ತೆಂಗು ನಮೂದಾಗಿದೆಯೇ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ಎಂದು ಖರೀದಿ ಘೋಷಣೆಗೆ ಮೊದಲೇ ನೋಡಿಕೊಳ್ಳಿ. ಪಹಣಿ ತೀರಿಹೋದ ತಂದೆಯ ಹೆಸರಿನಲ್ಲೇ ಇದ್ದರೆ ಪೌತಿ ಖಾತೆ ಮಾಡಿಸಲು ಈಗಲೇ ಹೊರಡಿ, ಕೇಂದ್ರ ತೆರೆದ ಮೇಲೆ ಅದಕ್ಕೆ ಸಮಯ ಸಾಲದು.

ಪ್ರಶ್ನೆ: ಕುದುರೆಮುಖ ಗಣಿ ಮುಚ್ಚಿ ನಮ್ಮ ಕಡೆಯ ಉದ್ಯೋಗವೆಲ್ಲ ಹೋಯಿತು. ಅದು ಆರ್ಥಿಕವಾಗಿ ತಪ್ಪು ನಿರ್ಧಾರವಲ್ಲವೇ?
— ಓದುಗರು, ಕಳಸ

ಉತ್ತರ: ಉದ್ಯೋಗ ಹೋದದ್ದು ನಿಜ, ಅದರ ನೋವನ್ನು ಯಾರೂ ಅಲ್ಲಗಳೆಯಬಾರದು. ಆದರೆ ಲಾಭ ನಷ್ಟದ ಲೆಕ್ಕ ಕಂಪನಿಯ ಪುಸ್ತಕದಲ್ಲೇ ಮುಗಿಯುವುದಿಲ್ಲ. 1976ರಲ್ಲಿ ಶುರುವಾದ ಈ ಯೋಜನೆ ಇರಾನ್ ಎಂಬ ಒಬ್ಬ ಗಿರಾಕಿಯನ್ನು ನಂಬಿತ್ತು. 1979ರ ಕ್ರಾಂತಿಯಿಂದ ಆ ಒಪ್ಪಂದ ಮುರಿದು, ಬೇರೆ ಗಿರಾಕಿಗಳನ್ನು ಹುಡುಕಬೇಕಾಯಿತು. ಕಬ್ಬಿಣದ ಅದಿರು ಕಡಿಮೆ ದರ್ಜೆಯದು, ಪುಡಿ ಮಾಡಿ ಸಾಂದ್ರಗೊಳಿಸಿ ಕೊಳವೆಯಲ್ಲಿ ಮಂಗಳೂರಿಗೆ ಹರಿಸಬೇಕಿತ್ತು. ಮಲೆನಾಡಿನ ಮಳೆಗೆ ಗಣಿಯ ಹೂಳು ಭದ್ರಾ ನದಿಗೆ ಇಳಿಯಿತು. ಕೆಳಗಿನ ನೀರಾವರಿಗೆ ಆಗುವ ಹಾನಿ ಕಂಪನಿಯ ಖರ್ಚಿನಲ್ಲಿ ಕಾಣುವುದಿಲ್ಲ, ಅದನ್ನು ತೆರುವವನು ಭದ್ರಾ ಅಚ್ಚುಕಟ್ಟಿನ ರೈತ. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತದ್ದು ಸರಿ ಎಂದೇ ನನ್ನ ಎಣಿಕೆ.

ತಪ್ಪಾದದ್ದು ಮುಚ್ಚಿದ್ದರಲ್ಲಲ್ಲ, ಮುಚ್ಚಿದ ಮೇಲಿನ ಬದುಕಿಗೆ ಹಣ ಎತ್ತಿಡದಿದ್ದರಲ್ಲಿ. ಗಣಿಯ ರಾಜಧನದ ಜೊತೆಗೆ ಸ್ಥಳೀಯರಿಗೂ ಒಂದು ಪಾಲು ಕಡ್ಡಾಯವಾಗಿ ಕೊಡಬೇಕೆಂದು ಜಿಲ್ಲಾ ಖನಿಜ ಪ್ರತಿಷ್ಠಾನಗಳನ್ನು ಕಾಯ್ದೆಗೆ ಸೇರಿಸಿದ್ದು 2015ರಲ್ಲಿ. ಆ ಹೊತ್ತಿಗೆ ಕುದುರೆಮುಖದಲ್ಲಿ ಕೆಲಸ ನಿಂತು ಒಂಬತ್ತು ವರ್ಷ ದಾಟಿತ್ತು. ಅಲ್ಲಿಂದ ಹೋದ ಅದಿರಿನ ಮೇಲೆ ಆ ನಿಧಿಗೆ ಒಂದು ರೂಪಾಯಿಯೂ ಜಮೆಯಾಗಲಿಲ್ಲ.