ಪೆಟ್ ಶಾಪ್ ಬಾಯ್ಸ್ ಅವರ ಅತ್ಯುತ್ತಮ ಸಿಂಗಲ್ ಯಾವುದು? 20ನೇ ಸ್ಥಾನಕ್ಕೇ ನಿಂತ ಹಾಡನ್ನು ಅಭಿಮಾನಿಗಳು ಯಾಕೆ ಮೊದಲು ಇಡುತ್ತಾರೆ?

ಬ್ರಿಟನ್ನಿನ ಚಾರ್ಟಿನಲ್ಲಿ, ಅಂದರೆ ಬಿಡಿಯಾಗಿ ಬರುವ ಹಾಡುಗಳ (ಸಿಂಗಲ್ಲುಗಳ) ವಾರದ ಮಾರಾಟದ ಪಟ್ಟಿಯಲ್ಲಿ, ನಾಲ್ಕು ಸಲ ನಂಬರ್ ಒನ್ ಆದ ಪಾಪ್ ಜೋಡಿ ಇದು. ಆದರೂ ಇವರ ಹಾಡುಗಳನ್ನು ಪ್ರೀತಿಸುವವರು ಪಟ್ಟಿ ಮಾಡಲು ಕೂತಾಗಲೆಲ್ಲ 1990ರ 'ಬೀಯಿಂಗ್ ಬೋರಿಂಗ್' ತುದಿಗೆ ಬಂದು ಕೂರುತ್ತದೆ, ಇದು ಹೇಗೆ ಅಂತ ಕೇಳಿದ್ದೀರಿ. ನನ್ನ ಪಟ್ಟಿಯಲ್ಲೂ ಅದೇ ಮೊದಲು. ಆದರೆ ಇದೇ ಪ್ರಶ್ನೆಯನ್ನು ಮೂವತ್ತು ವರ್ಷದ ಹಿಂದೆ ಕೇಳಿದ್ದರೆ ಬೇರೆ ಹಾಡು ಹೇಳುತ್ತಿದ್ದೆ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಇವರನ್ನು ಕೇಳಿಯೇ ಇರದವರಿಗೆ ಎರಡು ಮಾತು. ಹಾಡುವವರು ನೀಲ್ ಟೆನೆಂಟ್. ಕೀಬೋರ್ಡಿನ ಹಿಂದೆ ಟೋಪಿ ಹಾಕಿಕೊಂಡು ಅಲ್ಲಾಡದೆ ನಿಲ್ಲುವವರು ಕ್ರಿಸ್ ಲೋ. ಒಬ್ಬರು ಪಾಪ್ ಸಂಗೀತದ ಪತ್ರಿಕೆಯಲ್ಲಿ ಕೆಲಸ ಮಾಡಿದವರು, ಇನ್ನೊಬ್ಬರು ವಾಸ್ತುಶಿಲ್ಪ ಓದಿದವರು. 1981ರ ಆಗಸ್ಟಿನಲ್ಲಿ ಲಂಡನ್ನಿನ ಕಿಂಗ್ಸ್ ರೋಡಿನ ಒಂದು ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಮಾತಿಗೆ ಮಾತು ಬೆಳೆದು ಜೊತೆಯಾದರು. ಇವತ್ತಿಗೂ ಜೊತೆಯಲ್ಲೇ ಇದ್ದಾರೆ.

ನನಗೆ ಇವರು ಸಿಕ್ಕಿದ್ದು 1993ರಲ್ಲಿ. ಅರಸೀಕೆರೆಯಿಂದ ಬೆಂಗಳೂರಿಗೆ ಕೆಲಸಕ್ಕೆ ಬಂದು, ಶ್ರೀರಾಮಪುರದಲ್ಲಿ ಮೂರು ಜನ ಸೇರಿ ಒಂದು ರೂಮು ಮಾಡಿದ್ದೆವು. ಅದರಲ್ಲಿ ಒಬ್ಬ 'ಡಿಸ್ಕಾಗ್ರಫಿ' ಅನ್ನುವ ಇವರ 1991ರ ಸಂಗ್ರಹವನ್ನು ಯಾರದೋ ಸಿ.ಡಿ.ಯಿಂದ 90 ನಿಮಿಷದ ಖಾಲಿ ಕ್ಯಾಸೆಟ್ಟಿಗೆ ತುಂಬಿಸಿಕೊಂಡು ಬಂದಿದ್ದ. ಹದಿನೆಂಟು ಸಿಂಗಲ್ಲುಗಳು, ಬಂದ ವರ್ಷದ ಕ್ರಮದಲ್ಲೇ. ಒಳಗಿನ ಕಾರ್ಡಿನ ಮೇಲೆ ನೀಲಿ ಇಂಕಿನಲ್ಲಿ ಹಾಡುಗಳ ಹೆಸರು, ಪ್ರತಿ ಹೆಸರಿನ ಮುಂದೆ ಡೆಕ್ಕಿನ ಕೌಂಟರ್ ನಂಬರು. ಬೇಕಾದ ಹಾಡಿಗೆ ಓಡಿಸಿ ನಿಲ್ಲಿಸಲು ಅವನು ಮಾಡಿಕೊಂಡಿದ್ದ ಲೆಕ್ಕ ಅದು. 'ಬೀಯಿಂಗ್ ಬೋರಿಂಗ್' ಎರಡನೇ ಬದಿಯಲ್ಲಿ, 214.

ರಾತ್ರಿ ಊಟ ಮುಗಿದ ಮೇಲೆ ಲಾಂಗ್ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಪಟ್ಟಿ ಬರೆಯುತ್ತಿದ್ದೆವು. ಇಬ್ಬರದೂ ಹತ್ತು ಹಾಡು. ನನ್ನದು ಯಾವಾಗಲೂ 'ಇಟ್ಸ್ ಎ ಸಿನ್' ಮೊದಲು. ಅವನದು 'ಬೀಯಿಂಗ್ ಬೋರಿಂಗ್'. ನನಗೆ ಆ ಹಾಡು ನಿಧಾನ ಅನ್ನಿಸುತ್ತಿತ್ತು. ಏಳುವುದಿಲ್ಲ, ಬೀಳುವುದಿಲ್ಲ, ಒಂದೇ ಸಮ ಹರಿದುಕೊಂಡು ಹೋಗುತ್ತದೆ ಅಂತ ವಾದ ಮಾಡುತ್ತಿದ್ದೆ. 'ಇಟ್ಸ್ ಎ ಸಿನ್' ನೋಡಿ, ಗುಡುಗಿನ ಹಾಗೆ ಶುರುವಾಗುತ್ತದೆ. ನ್ಯೂಕ್ಯಾಸಲ್ಲಿನ ಕ್ಯಾಥೊಲಿಕ್ ಶಾಲೆಯಲ್ಲಿ ಓದಿದ ಹುಡುಗ ಟೆನೆಂಟ್, ಆಸೆಪಟ್ಟದ್ದೆಲ್ಲ ಪಾಪ ಅಂತ ಕಲಿಸಿದವರಿಗೆ ವರ್ಷಗಳಾದ ಮೇಲೆ ಕೊಟ್ಟ ಉತ್ತರ ಅದು. ಕೊನೆಯಲ್ಲಿ ತಪ್ಪೊಪ್ಪಿಗೆಯ ಪ್ರಾರ್ಥನೆಯನ್ನು ಲ್ಯಾಟಿನ್ನಿನಲ್ಲೇ ಪಿಸುಗುಟ್ಟುತ್ತಾರೆ. 1987ರಲ್ಲಿ ಮೂರು ವಾರ ನಂಬರ್ ಒನ್ ಆಗಿತ್ತು. ಇವತ್ತಿಗೂ ನನ್ನ ಮೊದಲ ಐದರಲ್ಲಿ ಅದು ಇದ್ದೇ ಇದೆ.

ಅಭಿಮಾನಿಗಳ ವಾದ ಮುಖ್ಯವಾಗಿ ಎಲ್ಲೆಲ್ಲಿ ತಗುಲಿಕೊಳ್ಳುತ್ತದೆ ಅನ್ನುವುದನ್ನೂ ಹೇಳಿಬಿಡುತ್ತೇನೆ.

ಒಂದು ದೊಡ್ಡ ಬಣ 'ವೆಸ್ಟ್ ಎಂಡ್ ಗರ್ಲ್ಸ್' ಬಿಟ್ಟುಕೊಡುವುದಿಲ್ಲ. ಅವರ ಮಾತಿನಲ್ಲಿ ಬಲ ಇದೆ. 1984ರಲ್ಲಿ ನ್ಯೂಯಾರ್ಕಿನ ನಿರ್ಮಾಪಕ ಬಾಬಿ ಓರ್ಲಾಂಡೊ ಜೊತೆ ಮಾಡಿದ ಮೊದಲ ಆವೃತ್ತಿ ಬ್ರಿಟನ್ನಿನಲ್ಲಿ ಬಂದದ್ದೇ ಗೊತ್ತಾಗಲಿಲ್ಲ. ಮಾರನೇ ವರ್ಷ ಇನ್ನೊಬ್ಬ ನಿರ್ಮಾಪಕ ಸ್ಟೀಫನ್ ಹೇಗ್ ಅದನ್ನು ನಿಧಾನ ಮಾಡಿ, ನೆರಳು ಕವಿಯುವ ಹಾಗೆ ಮಾಡಿ, ಶುರುವಿಗೆ ಸ್ಟುಡಿಯೊ ಹೊರಗಿನ ಬೀದಿಯ ಸದ್ದು ಸೇರಿಸಿದರು. ಹೆಜ್ಜೆ ಸಪ್ಪಳ, ಹೋಗುವ ಗಾಡಿ, ಆಮೇಲೆ ಮಂಜಿನ ಹಾಗೆ ಹಬ್ಬುವ ಆ ಸಿಂತ್, ಅಂದರೆ ಎಲೆಕ್ಟ್ರಾನಿಕ್ ಕೀಬೋರ್ಡಿನ ಸದ್ದು. 1986ರ ಜನವರಿಯಲ್ಲಿ ಬ್ರಿಟನ್ನಿನಲ್ಲಿ, ಮೇ ತಿಂಗಳಲ್ಲಿ ಅಮೆರಿಕದಲ್ಲಿ ನಂಬರ್ ಒನ್. ಹಾಡಿನ ಮಧ್ಯೆ ಜಿನೀವಾ ಸರೋವರದಿಂದ ಫಿನ್‌ಲ್ಯಾಂಡ್ ಸ್ಟೇಷನ್ನಿನವರೆಗೆ ಅಂತ ಒಂದು ಸಾಲು ಬರುತ್ತದೆ. 1917ರಲ್ಲಿ ಲೆನಿನ್ ಸ್ವಿಟ್ಜರ್ಲೆಂಡಿನಿಂದ ರಷ್ಯಾದ ಪೆಟ್ರೊಗ್ರಾಡಿನಲ್ಲಿರುವ ಆ ಸ್ಟೇಷನ್ನಿಗೆ ರೈಲಿನಲ್ಲಿ ಹೋದ ದಾರಿ ಅದು. ಕ್ಲಬ್ಬಿನಲ್ಲಿ ಕುಣಿಯುವ ಹಾಡಿನೊಳಗೆ ಇದನ್ನು ಇಟ್ಟವರು ಬೇರೆ ಯಾರಿದ್ದಾರೆ? 2020ರಲ್ಲಿ 'ದಿ ಗಾರ್ಡಿಯನ್' ಪತ್ರಿಕೆ ಬ್ರಿಟನ್ನಿನ ನಂಬರ್ ಒನ್ ಹಾಡುಗಳಲ್ಲೇ ಇದನ್ನು ಅತ್ಯುತ್ತಮ ಅಂತ ಆರಿಸಿತು. ನನ್ನ ಲೆಕ್ಕದಲ್ಲಿ ನಾಲ್ಕನೆಯದು. ಅದು ಬಹಳ ಚೆನ್ನಾಗಿ ಕಂಡ ಊರು, ಸರಿ. ಆದರೆ ಆ ಊರಿನಲ್ಲಿ ನನಗೆ ಪರಿಚಯದವರು ಯಾರೂ ಇಲ್ಲ.

ಇನ್ನೊಂದು ಜಗಳ ಬೇರೆಯವರ ಹಾಡುಗಳದ್ದು. 'ಆಲ್ವೇಸ್ ಆನ್ ಮೈ ಮೈಂಡ್' ಎಲ್ವಿಸ್ ಹಾಡಿ ಹೆಸರಾದದ್ದು, 'ಗೋ ವೆಸ್ಟ್' ಅಮೆರಿಕದ ಡಿಸ್ಕೊ ತಂಡ ವಿಲೇಜ್ ಪೀಪಲ್ ಅವರದ್ದು. ಇವನ್ನು ಪಟ್ಟಿಗೆ ಸೇರಿಸಬಾರದು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮೊದಲನೆಯದು ಎಲ್ವಿಸ್ ತೀರಿಕೊಂಡ ಹತ್ತನೇ ವರ್ಷದ ಟಿ.ವಿ. ಕಾರ್ಯಕ್ರಮಕ್ಕೆ ಅಂತ ಮಾಡಿದ್ದು, 1987ರ ಕ್ರಿಸ್ಮಸ್ ನಂಬರ್ ಒನ್ ಆಯಿತು. ಪೋಗ್ಸ್ ತಂಡದ 'ಫೇರಿಟೇಲ್ ಆಫ್ ನ್ಯೂಯಾರ್ಕ್' ಎರಡನೆಯದಕ್ಕೇ ನಿಂತಿದ್ದು ಇದರಿಂದಲೇ. ಮೂಲದಲ್ಲಿ ಹಾಡುವವನು ತಾನು ಸರಿಯಾಗಿ ನೋಡಿಕೊಳ್ಳಲಿಲ್ಲ ಅಂತ ಕೊರಗುತ್ತಾನೆ. ಟೆನೆಂಟ್ ಕೊನೆಗೆ, ಬಹುಶಃ ನಾನು ಪ್ರೀತಿಸಲೇ ಇಲ್ಲವೇನೋ ಅನ್ನುವ ಅರ್ಥಕ್ಕೆ ಮಾತನ್ನು ತಂದು ನಿಲ್ಲಿಸುತ್ತಾರೆ. ಅಷ್ಟಕ್ಕೇ ಇಡೀ ಹಾಡು ಮಗ್ಗಲು ಬದಲಿಸಿಬಿಡುತ್ತದೆ. ಹಾಗೆ ಹೊಸದಾಗಿ ಕಟ್ಟಿದ್ದು ಅವರದ್ದೇ.

'ಗೋ ವೆಸ್ಟ್' ಕಥೆ ಕೇಳಿದರೆ ನನಗೆ ಗಂಟಲು ಕಟ್ಟುತ್ತದೆ. ಸಲಿಂಗಿಗಳು ನೆಮ್ಮದಿಯ ತಾಣ ಅಂದುಕೊಂಡಿದ್ದ ಸ್ಯಾನ್ ಫ್ರಾನ್ಸಿಸ್ಕೊ ಕಡೆಗೆ ಕೈ ಬೀಸಿ ಕರೆಯುವ 1979ರ ಖುಷಿಯ ಹಾಡು ಅದು. ಇವರು ಅದನ್ನು ಮೊದಲು ಹಾಡಿದ್ದು 1992ರಲ್ಲಿ, ಮ್ಯಾಂಚೆಸ್ಟರಿನ ಹಸಿಯೆಂಡಾ ಕ್ಲಬ್ಬಿನಲ್ಲಿ, ಏಡ್ಸ್ ನೆರವಿನ ಕಾರ್ಯಕ್ರಮಕ್ಕೆ. ಆ ಹದಿಮೂರು ವರ್ಷದಲ್ಲಿ ಆ ಕರೆಗೆ ಓಗೊಟ್ಟು ಹೋದ ಎಷ್ಟೋ ಜನ ಇಲ್ಲವಾಗಿದ್ದರು. ಗಂಡಸರ ಕೋರಸ್ ಅಷ್ಟು ಗಟ್ಟಿಯಾಗಿ ಹಾಡುವಾಗ ಟೆನೆಂಟ್ ದನಿ ಒಂದೇ ತೆಳ್ಳಗೆ ಮೇಲೆ ಹೋಗುತ್ತದಲ್ಲ, ಅಲ್ಲಿ ಕೇಳಿ. ಈಗ ಫುಟ್ಬಾಲ್ ಮೈದಾನಗಳಲ್ಲಿ ಜನ ಅದೇ ರಾಗಕ್ಕೆ ತಮ್ಮ ತಂಡದ ಮಾತು ಹಾಕಿಕೊಂಡು ಹಾಡುತ್ತಾರೆ.

ನನ್ನ ಎರಡನೇ ಸ್ಥಾನ 'ಲೆಫ್ಟ್ ಟು ಮೈ ಓನ್ ಡಿವೈಸಸ್'ಗೆ. 1988ರದ್ದು, ನಾಲ್ಕನೇ ಸ್ಥಾನಕ್ಕೆ ಹೋಗಿತ್ತು. ನಿರ್ಮಾಪಕರಾದ ಟ್ರೆವರ್ ಹಾರ್ನ್ ಮತ್ತು ಸ್ಟೀಫನ್ ಲಿಪ್ಸನ್ ಇದಕ್ಕೆ ಪೂರ್ತಿ ಆರ್ಕೆಸ್ಟ್ರಾ ತಂದು ಕೂರಿಸಿದರು. ಅಷ್ಟು ದೊಡ್ಡ ಮೇಳದ ನಡುವೆ ಟೆನೆಂಟ್ ಹೇಳುವುದು ಏನು? ಹತ್ತೂವರೆಗೆ ಎದ್ದೆ, ಟೀ ಕುಡಿದೆ, ಫೋನು ಮಾಡಿದೆ, ಅಂಗಡಿಗೆ ಹೋದೆ ಅಂತ ಒಂದು ದಿನದ ವರದಿ. ಕ್ರಾಂತಿಕಾರಿ ಚೆ ಗುವೇರಾ, ಫ್ರೆಂಚ್ ಸಂಗೀತಗಾರ ಡೆಬ್ಯುಸಿ ಇಬ್ಬರನ್ನೂ ಡಿಸ್ಕೊ ತಾಳಕ್ಕೆ ಕೂರಿಸುತ್ತಾರೆ. ಸಾಮಾನ್ಯ ದಿನಕ್ಕೂ ಅಷ್ಟು ದೊಡ್ಡ ಸಂಗೀತ ಸಲ್ಲುತ್ತದೆ ಅಂತ ಯಾರೋ ಒಪ್ಪಿಕೊಂಡ ಹಾಗೆ ನನಗೆ ಕೇಳಿಸುತ್ತದೆ. ಮೂರನೆಯದು ಗಾಯಕಿ ಡಸ್ಟಿ ಸ್ಪ್ರಿಂಗ್‌ಫೀಲ್ಡ್ ಜೊತೆಗಿನ 'ವಾಟ್ ಹ್ಯಾವ್ ಐ ಡನ್ ಟು ಡಿಸರ್ವ್ ದಿಸ್'. ಅರವತ್ತರ ದಶಕದ ಆ ದೊಡ್ಡ ದನಿಯನ್ನು ಜನ ಮರೆತೇಬಿಟ್ಟಿದ್ದ ಕಾಲ. ಇವರು ಬೇರೆಯವರ ಕೈಲಿ ಹಾಡಿಸದೆ ಆಕೆಗಾಗಿಯೇ ಕಾದರು. ಬ್ರಿಟನ್, ಅಮೆರಿಕ ಎರಡೂ ಕಡೆ ಎರಡನೇ ಸ್ಥಾನ. ಉಳಿದವು, 'ರೆಂಟ್', 'ಸಬರ್ಬಿಯಾ', 'ಲವ್ ಕಮ್ಸ್ ಕ್ವಿಕ್ಲಿ', ದಿನಕ್ಕೊಂದು ಥರ ಮೇಲೆ ಕೆಳಗೆ ಆಗುತ್ತಿರುತ್ತವೆ. 'ಹಾರ್ಟ್' ನಂಬರ್ ಒನ್ ಆಗಿದ್ದರೂ ನನ್ನ ಹತ್ತರೊಳಗೆ ಬರುವುದಿಲ್ಲ.

ಈಗ ನಿಮ್ಮ ಮೂಲ ಪ್ರಶ್ನೆಗೆ. ಚಾರ್ಟ್ ಅನ್ನುವುದು ಆ ವಾರ ಅಂಗಡಿಗಳಲ್ಲಿ ಎಷ್ಟು ಪ್ರತಿ ಹೋಯಿತು ಅನ್ನುವ ಲೆಕ್ಕ. ಇದು ಟೆನೆಂಟ್ ಅವರಿಗೇ ಚೆನ್ನಾಗಿ ಗೊತ್ತಿತ್ತು. ಒಬ್ಬ ಕಲಾವಿದ ಏನು ಮಾಡಿದರೂ ಗೆಲ್ಲುವ ಕಾಲಕ್ಕೆ ಅವರು 'ಇಂಪೀರಿಯಲ್ ಫೇಸ್' ಅಂತ ಹೆಸರಿಟ್ಟರು. ಪಾಪ್ ಸಂಗೀತದ ಬಗ್ಗೆ ಬರೆಯುವವರೆಲ್ಲ ಈಗ ಆ ಮಾತನ್ನು ಬಳಸುತ್ತಾರೆ. ತಮ್ಮ ಆ ಕಾಲ 1988ರಲ್ಲಿ 'ಡಾಮಿನೊ ಡಾನ್ಸಿಂಗ್' ಚಾರ್ಟಿಗೆ ಒಂಬತ್ತನೇ ಸ್ಥಾನದಲ್ಲಿ ಬಂದಾಗಲೇ ಮುಗಿಯಿತು ಅಂತ ಅವರೇ ಹೇಳಿಕೊಂಡಿದ್ದಾರೆ. 'ಬೀಯಿಂಗ್ ಬೋರಿಂಗ್' ಬಂದದ್ದು ಅದಾಗಿ ಎರಡು ವರ್ಷಕ್ಕೆ. ಮ್ಯೂನಿಕ್ಕಿನಲ್ಲಿ ನಿರ್ಮಾಪಕ ಹೆರಾಲ್ಡ್ ಫಾಲ್ಟರ್‌ಮೈಯರ್ ಜೊತೆ, ಹಳೆಯ ಅನಲಾಗ್ ಸಿಂತಸೈಸರುಗಳಲ್ಲಿ ಮಾಡಿದ 'ಬಿಹೇವಿಯರ್' ಆಲ್ಬಮ್ಮಿನ ಮೊದಲ ಹಾಡು.

ಶುರುವಿನಲ್ಲಿ ಊಳಿಡುವ ಹಾಗೆ ಒಂದು ಸದ್ದು ಬರುತ್ತದಲ್ಲ, ಅದು ಸಿಂತ್ ಅಲ್ಲ. ಜಾತ್ರೆಯಲ್ಲಿ ಮಕ್ಕಳ ಕೈಗೆ ಸಿಗುವಂಥ, ಮೈಯೆಲ್ಲ ಸುರುಳಿ ಗೆರೆ ಇರುವ ಪ್ಲಾಸ್ಟಿಕ್ ಕೊಳವೆ. ಒಂದು ತುದಿ ಹಿಡಿದು ಗಾಳಿಯಲ್ಲಿ ತಿರುಗಿಸಿದರೆ ಹಾಡುತ್ತದೆ, ಬೀಸು ಜೋರಾದ ಹಾಗೆ ಸ್ವರ ಏರುತ್ತದೆ. ಆಲ್ಬಮ್ಮಿನ ಕಾರ್ಡಿನಲ್ಲಿ ಆ ಕೊಳವೆ ತಿರುಗಿಸಿದವರ ಹೆಸರೂ ಇದೆ. ಅದರ ಹಿಂದೆ ಗಿಟಾರು, ಹಾರ್ಪು, ಆಮೇಲೆ ತಾಳ. ಅವಸರವೇ ಇಲ್ಲ.

ಮೂರು ಚರಣ. ಮೊದಲನೆಯದರಲ್ಲಿ ಹಳೆಯ ಫೋಟೊಗಳ ಜೊತೆ ಹದಿಹರೆಯದ ಪಾರ್ಟಿಗಳ ಆಹ್ವಾನಪತ್ರಿಕೆ ಸಿಗುತ್ತದೆ. ಅದರಲ್ಲಿ 1920ರ ದಶಕದ ಅಮೆರಿಕದ ಲೇಖಕಿ ಜೆಲ್ಡಾ ಫಿಟ್ಜೆರಾಲ್ಡ್ ಬರೆದ ಮಾತು: ಆಕೆಗೆ ಬೇಸರ ಆಗುತ್ತಿರಲಿಲ್ಲ, ಯಾಕೆಂದರೆ ಆಕೆ ಬೇಸರ ಹುಟ್ಟಿಸುವವಳಾಗಿರಲಿಲ್ಲ ಅಂತ. ಹಾಡಿನ ಹೆಸರು ಅಲ್ಲಿಂದ ಬಂದದ್ದು. ಎರಡನೆಯದರಲ್ಲಿ ಎಪ್ಪತ್ತರ ದಶಕ. ಬೆನ್ನಿಗೆ ಚೀಲ ಹಾಕಿಕೊಂಡು, ಎದೆಯಲ್ಲಿ ಅಳುಕಿಟ್ಟುಕೊಂಡು ಹುಡುಗ ಸ್ಟೇಷನ್ನಿನಿಂದ ಹೊರಡುತ್ತಾನೆ. ಮೂರನೆಯದರಲ್ಲಿ ತೊಂಬತ್ತರ ದಶಕ. ಬೇರೆ ಬೇರೆ ಮುಖಗಳ ನಡುವೆ, ಬಾಡಿಗೆ ಕೋಣೆಗಳಲ್ಲಿ ಕೂತು, ಅಂದು ಜೊತೆಗಿದ್ದವರಲ್ಲಿ ಕೆಲವರು ಇದ್ದಾರೆ, ಕೆಲವರು ಇಲ್ಲ ಅಂತ ಲೆಕ್ಕ ಹಾಕುತ್ತಾನೆ. ಟೆನೆಂಟ್ ಬರೆದದ್ದು ನ್ಯೂಕ್ಯಾಸಲ್ ಕಾಲದ ಗೆಳೆಯನೊಬ್ಬ ಏಡ್ಸ್‌ನಿಂದ ತೀರಿಕೊಂಡ ಮೇಲೆ. ಹಾಡಿನಲ್ಲಿ ಆ ಕಾಯಿಲೆಯ ಹೆಸರಿಲ್ಲ, ಸಾವು ಅನ್ನುವ ಶಬ್ದವೂ ಇಲ್ಲ. ಪಲ್ಲವಿ ಮೂರೂ ಸಲ ಅದೇ ರಾಗದಲ್ಲಿ, ಅದೇ ಮೆಲುದನಿಯಲ್ಲಿ ಬರುತ್ತದೆ. ನಾನು ಇಪ್ಪತ್ತೆರಡರ ವಯಸ್ಸಿನಲ್ಲಿ ಏಳುವುದಿಲ್ಲ ಬೀಳುವುದಿಲ್ಲ ಅಂದದ್ದು ಇದನ್ನೇ. ಮಾತು ಬದಲಾಗದೆ ಕೇಳುವವನು ಮಾತ್ರ ಬದಲಾಗುವ ಹಾಗೆ ಕಟ್ಟಿದ್ದಾರೆ ಅಂತ ಆಗ ಕಾಣಿಸಿರಲಿಲ್ಲ.

ನನ್ನ ರೂಮಿನ ಗೆಳೆಯ 2021ರ ಮೇ ತಿಂಗಳಲ್ಲಿ ಕೋವಿಡ್ಡಿನಲ್ಲಿ ಹೋದ. ಕೊನೆಗೆ ಮುಖ ನೋಡಲೂ ಆಗಲಿಲ್ಲ. ಆ ಮಳೆಗಾಲದಲ್ಲಿ ಒಂದು ಸಂಜೆ ಫೋನಿನಲ್ಲಿ ಏನೋ ಹಾಡು ಮುಗಿದು ತಾನಾಗಿಯೇ ಈ ಹಾಡು ಶುರುವಾಯಿತು. ಎರಡನೇ ಚರಣಕ್ಕೆ ಅರಸೀಕೆರೆ ಜಂಕ್ಷನ್, ಅಮ್ಮ ಕಟ್ಟಿಕೊಟ್ಟ ಚಿತ್ರಾನ್ನದ ಡಬ್ಬಿ ಕಣ್ಣಮುಂದೆ ಬಂತು. ಮೂರನೆಯದರಲ್ಲಿ, ಏನೇ ಆದರೂ ನೀನು ಇಲ್ಲೇ ಎಲ್ಲೋ ನನ್ನ ಪಕ್ಕ ಕೂತಿರುತ್ತೀಯ ಅಂದುಕೊಂಡಿದ್ದೆ ಅನ್ನುವ ಅರ್ಥದ ಸಾಲು ಬರುತ್ತದೆ. ನೂರಾರು ಸಲ ಕೇಳಿದ್ದೆ. ಆವತ್ತು ಕೇಳಿಸಿತು.

ಅಭಿಮಾನಿಗಳ ಪಟ್ಟಿಯಲ್ಲಿ ಇದು ಮೇಲೆ ಬರಲು ಕಾರಣ ಇಷ್ಟೇ ಅಂತ ನನಗನ್ನಿಸುತ್ತದೆ. 1990ರಲ್ಲಿ ಇದನ್ನು ಕೊಂಡವರಿಗೆ ಈಗ ಐವತ್ತು, ಅರವತ್ತು. ಎಲ್ಲರ ಬಳಿಯೂ ಈಗ ಮೂರನೇ ಚರಣ ಇದೆ. ನಂಬರ್ ಒನ್ ಆದ ಹಾಡುಗಳು ಆಗ ಎಷ್ಟು ದೊಡ್ಡವಾಗಿದ್ದವೋ ಈಗಲೂ ಅಷ್ಟೇ ದೊಡ್ಡವು. ಇದು ಮಾತ್ರ ಕೇಳುವವರ ಜೊತೆ ಬೆಳೆಯಿತು. 2023ರಲ್ಲಿ 55 ಸಿಂಗಲ್ಲುಗಳ 'ಸ್ಮ್ಯಾಶ್' ಸಂಗ್ರಹ ಬಂದಾಗ ಮತ್ತೆ ಎಲ್ಲರೂ ಪಟ್ಟಿ ಮಾಡಲು ಕೂತರು. ನಾನೂ ಕೂತೆ. ಮೊದಲ ಸಾಲು ಬರೆಯಲು ಯೋಚನೆಯೇ ಮಾಡಲಿಲ್ಲ.

ನೀವು ಕೇಳುವುದಾದರೆ ಸಿಂಗಲ್ಲಿನ ಚಿಕ್ಕ ಆವೃತ್ತಿ ಬೇಡ, 'ಬಿಹೇವಿಯರ್' ಆಲ್ಬಮ್ಮಿನಲ್ಲಿರುವ ಸುಮಾರು ಏಳು ನಿಮಿಷದ್ದನ್ನು ಹಾಕಿ. ಹೆಡ್‌ಫೋನ್ ಇದ್ದರೆ ಒಳ್ಳೆಯದು. ಕೊಳವೆ ತಿರುಗುವುದು ಅದರಲ್ಲಿ ಚೆನ್ನಾಗಿ ಕೇಳಿಸುತ್ತದೆ. ನಮ್ಮ ಕ್ಯಾಸೆಟ್ಟಿನಲ್ಲಿ ಇದ್ದದ್ದು ಚಿಕ್ಕದು, ಅವನು ಕೊನೆಯವರೆಗೂ ಅದೇ ಸರಿ ಅನ್ನುತ್ತಿದ್ದ. ಕ್ಯಾಸೆಟ್ಟು ಈಗ ನನ್ನ ಹತ್ತಿರ ಇದೆ. ಓಡಿಸಲು ಡೆಕ್ ಇಲ್ಲ. ನೀಲಿ ಇಂಕು ಮಾಸಿದೆ, 214 ಓದಲು ಬರುತ್ತದೆ.