ವಿಷ ಬಿಡಿ, ನೀರು ಹಿಡಿಯಿರಿ

ಮಾನ್ಯರೇ,

‘ವಿಸ್ಕಿ: ಕಳೆದುಹೋದ ಸಂಸ್ಕೃತ ಪದ’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾಗುವುದಿಲ್ಲ. ವಿಷಾದಪತ್ರ ಕಳುಹಿಸಿ ಸುಮ್ಮನಾಗಬಹುದಿತ್ತು. ಆದರೆ ಒಂಬತ್ತನೇ ಪುಟದ ಒಂದು ಸಾಲು ಬಿಡಲಿಲ್ಲ.

ಮೊದಲು ಕಹಿ. ‘ವಿಷ’ಕ್ಕೆ ‘ಕಿ’ ಸೇರಿ ವಿಸ್ಕಿಯಾಯಿತೆಂದು ಮೂರು ಪುಟ ವಾದಿಸಿದ್ದೀರಿ. ಕಿವಿಗೆ ಹಾಗೆ ಕೇಳಿಸುತ್ತದೆ ಎಂಬುದೊಂದೇ ಆಧಾರ. ಈ ಲೆಕ್ಕದಲ್ಲಿ ನಮ್ಮ ‘ಕರೆ’ಯೇ ಇಂಗ್ಲಿಷಿನ ‘ಕ್ರೈ’ ಆಯಿತೆಂದೂ ಹೇಳಬಹುದು. ಪದದ ಹಳೆಯ ರೂಪವನ್ನು ಹುಡುಕದೆ ಇಂದಿನ ರೂಪವನ್ನು ಸೀಳುತ್ತ ಕೂತರೆ ಅದು ಪದಬಂಧದ ಆಟ.

ಹಳೆಯ ರೂಪ ಐರಿಶ್ ಭಾಷೆಯ ‘ಇಶ್ಕ ಬ್ಯಾಹಾ’. ಇಶ್ಕ ಎಂದರೆ ನೀರು, ಬ್ಯಾಹಾ ಎಂದರೆ ಬದುಕು. ಭಟ್ಟಿ ಇಳಿಸಿದ ಮದ್ಯವನ್ನು ಮಧ್ಯಯುಗದ ಯುರೋಪು ಲ್ಯಾಟಿನ್ನಿನಲ್ಲಿ ‘ಆಕ್ವಾ ವಿಟೇ’, ಅಂದರೆ ಜೀವಜಲ ಎಂದಿತು. ಐರಿಶರು ಅದನ್ನೇ ತಮ್ಮ ಮಾತಿಗೆ ತಂದುಕೊಂಡರು. ಇಂಗ್ಲಿಷಿಗೆ ಬಂದ ಮೇಲೆ ಎರಡನೆಯ ಪದ ಉದುರಿ, ಮೊದಲನೆಯದು ವಿಸ್ಕಿಯಾಯಿತು. ಜೀವ ಹೋಗಿ ನೀರು ಉಳಿಯಿತು! ಐರ್ಲೆಂಡಿನಲ್ಲಿ ನಲ್ಲಿ ನೀರು ಪೂರೈಸುವ ಸರ್ಕಾರಿ ಸಂಸ್ಥೆಯ ಹೆಸರಿನಲ್ಲಿ ಇಂದಿಗೂ ಇರುವುದು ಇದೇ ‘ಇಶ್ಕ’.

ಇನ್ನು ನಿಮ್ಮ ಆ ಸಾಲು: ‘ಐರಿಶರ ನೀರಿಗೂ ನಮ್ಮ ಉದಕಕ್ಕೂ ನಂಟಿರಬಹುದೇ?’ ಇದೆ, ಸ್ವಾಮಿ. ಇಶ್ಕ, ಸಂಸ್ಕೃತದ ಉದಕ, ಇಂಗ್ಲಿಷಿನ ವಾಟರ್, ರಷ್ಯನ್ನಿನ ವೋಡ್ಕಾ ಒಂದೇ ಬೇರಿನವು. ಬ್ಯಾಹಾ ಮತ್ತು ಜೀವ ಕೂಡ ಹಾಗೆಯೇ. ಆದರೆ ಇವು ದಾಯಾದಿಗಳು. ಸಂಸ್ಕೃತ ಐರಿಶನ್ನು ಹೆತ್ತಿಲ್ಲ; ಇಂಡೋ-ಯುರೋಪಿಯನ್ ಎಂಬ ಮೂಲಭಾಷೆಯ ಹಳೆಯ ಮನೆಯಿಂದ ಎರಡೂ ಪಾಲು ತೆಗೆದುಕೊಂಡು ಹೊರಟವು. ಶರಣರ ಪಾದೋದಕದಲ್ಲೂ ಡಬ್ಲಿನ್ನಿನ ಗ್ಲಾಸಿನಲ್ಲೂ ಒಂದೇ ಬೇರು! ಇಂಥದ್ದು ಕೈಗೆ ಸಿಕ್ಕಿದ್ದರೂ ವಿಷದ ಹಿಂದೆ ಏಕೆ ಓಡಿದಿರೋ ತಿಳಿಯದು.

1405ರ ಪ್ರಸಂಗವನ್ನು ಅರ್ಧ ವಾಕ್ಯದಲ್ಲಿ ಮುಗಿಸಿದ್ದೀರಿ. ರಿಚರ್ಡ್ ಮ್ಯಾಕ್‌ರಾನಲ್ ಎಂಬ ಐರಿಶ್ ಪಾಳೆಯಗಾರ ಕ್ರಿಸ್‌ಮಸ್ ಹೊತ್ತಿನಲ್ಲಿ ಆಕ್ವಾ ವಿಟೇ ಅತಿಯಾಗಿ ಕುಡಿದು ಸತ್ತ. ಕ್ಲಾನ್‌ಮಕ್ನೋಯ್ಸ್ ಎಂಬ ಐರಿಶ್ ಮಠದ ಹೆಸರಿನ ವಾರ್ಷಿಕ ದಾಖಲೆಗಳ 1627ರ ಇಂಗ್ಲಿಷ್ ಅನುವಾದದಲ್ಲಿ, ಅವನ ಪಾಲಿಗೆ ಅದು ಮೃತ್ಯುಜಲವಾಯಿತು ಎಂಬ ಕುಟುಕೂ ಇದೆ. ಲೇಖನ ಅಲ್ಲಿಂದಲೇ ಶುರುವಾಗಲಿ.

ಋಷಿಗಳ ಐರ್ಲೆಂಡ್ ಯಾತ್ರೆಯನ್ನು ಪೂರ್ತಿ ತೆಗೆಯಿರಿ. ಐರಿಶರು ವಿಸ್ಕಿಯ ಇಂಗ್ಲಿಷ್ ಕಾಗುಣಿತದಲ್ಲಿ ‘ಇ’ (e) ಹಾಕುತ್ತಾರೆ, ಸ್ಕಾಟರು ಹಾಕುವುದಿಲ್ಲ ಎಂಬುದಕ್ಕೆ ಒಂದಿಡೀ ಪುಟ ಕೊಟ್ಟಿದ್ದೀರಿ. ಕನ್ನಡ ಲಿಪಿಯಲ್ಲಿ ಕಾಣಿಸದ ಅಕ್ಷರಕ್ಕೆ ಒಂದು ಸಾಲು ಸಾಕು. ಹನ್ನೆರಡು ಪುಟ ಐದಕ್ಕಿಳಿದ ಮೇಲೆ ಮತ್ತೆ ಕಳುಹಿಸಿ, ಶೀರ್ಷಿಕೆ ಬದಲಿಸಿ.

ಇಂತು,
ಸಂಪಾದಕ