ಕೋವಿಗೆ ಮೊದಲು ಹೆಗಲಪಟ್ಟಿ ಹಾಕಿಸಿ

ಅಣ್ಣಾ, ಕಾಸರಗೋಡು ಜಿಲ್ಲೆಯ ಬದಿಯಡ್ಕದ ಅಡಿಕೆ ತೋಟಕ್ಕೆ ಕಾಡುಹಂದಿ ಬರುತ್ತದೆ, ಲೈಸೆನ್ಸಿನ 12 ಬೋರ್ ಕೋವಿಗೆ ಸ್ಕೋಪ್ (ಗುರಿ ನೋಡುವ ದುರ್ಬೀನು) ಹಾಕಿಸಲಾ ಎಂದು ಕೇಳಿದ್ದೀರಿ. ಬೇಡ. ತೋಟದೊಳಗಿನ ಇಪ್ಪತ್ತು ಮೂವತ್ತು ಗಜಕ್ಕೆ ಅದು ಸುಮ್ನೆ ಭಾರ. ಹೆಗಲಿಗೆ ನೇತುಹಾಕಲು ಅಗಲದ ಪಟ್ಟಿ ಹಾಕಿಸಿ. ಕಣಿ (ತೋಟದ ನೀರು ಹರಿಯುವ ಕಾಲುವೆ) ದಾಟುವಾಗ ಎರಡೂ ಕೈ ಬೇಕು, ಅಲ್ವಾ? ಆಗ ಗುಂಡು ತೆಗೆದಿಟ್ಟೇ ದಾಟಿ.

ಕೋವಿಗೆ ಟಾರ್ಚ್ ಕಟ್ಟಿದರೂ ತಲೆಗೆ ಇನ್ನೊಂದು ಬೇಕೇ ಬೇಕು. ಕೋವಿಯ ಟಾರ್ಚಿನಲ್ಲಿ ದಾರಿ ಹುಡುಕಬೇಡಿ. ಬೆಳಕು ಹೋದಲ್ಲಿಗೆ ನಳಿಗೆಯೂ ತಿರುಗುತ್ತದೆ, ಅಲ್ಲಿ ನೀರು ಬಿಡುವ ಆಳು ನಿಂತಿರಬಹುದು.

ಉಳಿದ ದುಡ್ಡಿಗೆ ನಳಿಗೆ ಒರೆಸುವ ಸಲಾಕೆ, ಎಣ್ಣೆ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಚರ್ಮದ ಚೀಲದೊಳಗೆ ಇಟ್ಟಿದ್ದ ನನ್ನ ಕೋವಿಯ ನಳಿಗೆ ಮೇಲೆ ಒಂದೇ ವಾರಕ್ಕೆ ತುಕ್ಕಿನ ಕೆಂಪು ಚುಕ್ಕೆ ಎದ್ದಿತ್ತು.

ಹಂದಿ ಹೊಡೆಯಲು ಆದೇಶ ಕೊಡುವ ಅಧಿಕಾರವನ್ನು ಕೇರಳ ಸರ್ಕಾರ 2022ರಲ್ಲಿ ಪಂಚಾಯತ್ ಅಧ್ಯಕ್ಷರಿಗೂ ಕೊಟ್ಟಿದೆ. ಮೊದಲು ಅವರನ್ನು ಕಾಣಿ.